ಅಣ್ವಸ್ತ್ರದ ವೆಚ್ಚ ಮತ್ತು 1948ರ ಒಂದು ಪ್ರಶ್ನೆ

ಅಣ್ವಸ್ತ್ರದ ವೆಚ್ಚ ಒಮ್ಮೆಗೇ ಮುಗಿಯುವಂಥದ್ದಲ್ಲ. ಅಸ್ತ್ರವೂ ಅದನ್ನು ಹೊರುವ ಕ್ಷಿಪಣಿ, ಜಲಾಂತರ್ಗಾಮಿಗಳೂ ಹಳತಾಗುತ್ತವೆ. ಅವುಗಳನ್ನು ಬದಲಿಸಲು ಪ್ರತಿ ತಲೆಮಾರೂ ಹಣ ತೆರಬೇಕಾಗುತ್ತದೆ. ಈ ವಿಷಯದಲ್ಲಿ ಪ್ರಜೆಗಳಿಗೆ ಏನನ್ನು ತಿಳಿಸಬೇಕು, ಏನನ್ನು ಮರೆಮಾಡಬಹುದು ಎಂಬ ಪ್ರಶ್ನೆ ನಮ್ಮ ದೇಶದ ಅಣ್ವಸ್ತ್ರಗಳಿಗಿಂತಲೂ ಹಳೆಯದು. ಅದನ್ನು ಎತ್ತಿದವರಲ್ಲಿ ಕನ್ನಡನಾಡಿನ ಪ್ರತಿನಿಧಿಯೊಬ್ಬರಿದ್ದರು.

1948ರ ಏಪ್ರಿಲ್ 6ರಂದು ಸಂವಿಧಾನ ಸಭೆಯು ಶಾಸನಸಭೆಯಾಗಿ ಕಲೆತು ಅಣುಶಕ್ತಿ ಮಸೂದೆಯನ್ನು ಚರ್ಚಿಸಿತು. ಬ್ರಿಟನ್ನಿನ ಕಾಯಿದೆಯಲ್ಲಿ ಗೋಪ್ಯತೆ ರಕ್ಷಣೆಗಷ್ಟೇ ಸೀಮಿತವಾಗಿರುವಾಗ, ನಮ್ಮಲ್ಲಿ ಶಾಂತಿಯುತ ಸಂಶೋಧನೆಗೂ ಅದೇಕೆಂದು ಮೈಸೂರಿನ ಎಸ್. ವಿ. ಕೃಷ್ಣಮೂರ್ತಿ ರಾವ್ ಕೇಳಿದರು. ಎರಡನ್ನೂ ಬೇರ್ಪಡಿಸುವ ಬಗೆ ತಮಗೆ ತಿಳಿಯದೆಂದು ಪ್ರಧಾನಿ ನೆಹರೂ ಒಪ್ಪಿಕೊಂಡರು, ಮಸೂದೆ ಅಂಗೀಕಾರವಾಯಿತು. ಆಗ ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಆ ಸಭೆಯಲ್ಲಿ ನಮ್ಮ ಸೀಮೆಯ ದನಿಯಿರಲಿಲ್ಲ.

ಬೇರ್ಪಡಿಸಲಾಗದು ಎಂಬ ಆ ಉತ್ತರವೇ ಮುಂದೆ ನೀತಿಯಾಯಿತು. 1962ರ ಅಣುಶಕ್ತಿ ಕಾಯಿದೆಯ 18ನೆಯ ವಿಧಿ ಮಾಹಿತಿಯನ್ನು ತಡೆಹಿಡಿಯುವ ವಿಶಾಲ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅಣುಸ್ಥಾವರಗಳ ಸುರಕ್ಷತಾ ವರದಿಯನ್ನು ಬಹಿರಂಗಪಡಿಸಲಾಗದೆಂಬ ಸರ್ಕಾರದ ನಿಲುವನ್ನು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳ ಪಾಲಾದಾಗ ವಿವಾದವು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವೆಚ್ಚವೆಂದರೆ ಹಣವಷ್ಟೇ ಅಲ್ಲ, ಕುರಿ ದನಗಳ ಮೇವೂ ಹೌದೆಂಬುದನ್ನು ಅಲ್ಲಿನ ಪಶುಪಾಲಕರು ಬಲ್ಲರು.

ಬ್ರಿಟನ್ನಿನ ಉದಾಹರಣೆ ಬೇರೆ. 2016ರ ಜುಲೈ 18ರಂದು ಅಲ್ಲಿನ ಸಂಸತ್ತು ಅಣ್ವಸ್ತ್ರ ಹೊರುವ ಜಲಾಂತರ್ಗಾಮಿಗಳ ಬದಲಾವಣೆಗೆ 472-117 ಮತಗಳಿಂದ ಸಮ್ಮತಿಸಿತು. 3,100 ಕೋಟಿ ಪೌಂಡ್ ವೆಚ್ಚ, ಮೇಲೆ 1,000 ಕೋಟಿ ಮೀಸಲು ಎಂಬ ಅಂದಾಜು ಮತದಾನಕ್ಕೆ ಮೊದಲೇ ಪ್ರಕಟವಾಗಿತ್ತು. ಆ ತೀರ್ಮಾನವನ್ನು ನಾವು ಮೆಚ್ಚುವುದಿಲ್ಲ. ಆದರೆ ಮೊತ್ತವನ್ನು ಹೇಳಿದ್ದರಿಂದ ಅಸ್ತ್ರದ ರಹಸ್ಯವೇನೂ ಬಯಲಾಗಲಿಲ್ಲ. ನಮ್ಮ ಬಜೆಟ್ಟಿನಲ್ಲೋ ಅಣ್ವಸ್ತ್ರಗಳಿಗೆಂದು ಪ್ರತ್ಯೇಕ ಮೊತ್ತ ಕಾಣಸಿಗದು.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಹಾಕಬೇಕೆಂದು ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಬೋಧಿಸುತ್ತಾರೆ; ಮೇಸ್ತ್ರಿಕೆ ವಹಿಸಿಕೊಂಡವನು ಲೆಕ್ಕ ಒಪ್ಪಿಸಬೇಕೆಂಬುದೂ ಅಲ್ಲಿಯದೇ ಪಾಠ. ಶಸ್ತ್ರಾಸ್ತ್ರ ಪೈಪೋಟಿ ಬಡವರಿಗೆ ಅಸಹನೀಯ ಪೆಟ್ಟೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. 2019ರಲ್ಲಿ ಹಿರೋಷಿಮಾದಲ್ಲಿ ವಿಶ್ವಗುರು ಫ್ರಾನ್ಸಿಸರು ಅಣ್ವಸ್ತ್ರಗಳನ್ನು ಹೊಂದಿರುವುದೂ ಅನೈತಿಕವೆಂದರು. ಆದುದರಿಂದ ಲೆಕ್ಕ ಚೊಕ್ಕವಾದ ಮಾತ್ರಕ್ಕೆ ಅಸ್ತ್ರ ನ್ಯಾಯಸಮ್ಮತವಾಗದು. ಆದರೆ ಲೆಕ್ಕವೇ ಇಲ್ಲದ ಕಡೆ ಪ್ರಜೆಯ ಆತ್ಮಸಾಕ್ಷಿ ಯಾವುದನ್ನು ತೂಗಿ ನೋಡೀತು?

ಅಸ್ತ್ರದ ವಿನ್ಯಾಸ, ನೆಲೆಗಳು ಗುಟ್ಟಾಗಿರಲಿ. ಒಟ್ಟು ಮೊತ್ತ, ಬಳಸಿದ ಭೂಮಿ, ಸುರಕ್ಷತೆಯ ಸ್ಥಿತಿ ಗುಟ್ಟಾಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರು ಹರಿದ ನೀರಿನ ಲೆಕ್ಕ ಕೇಳುವಾಗ ಅದನ್ನು ಯಾರೂ ದೇಶದ್ರೋಹವೆನ್ನುವುದಿಲ್ಲ. ಕೃಷ್ಣಮೂರ್ತಿ ರಾಯರ ಪ್ರಶ್ನೆಯನ್ನು ಮತ್ತೆ ಕೇಳುವುದೂ ಅಂಥದೇ ಹಕ್ಕು. ಧರ್ಮಸಭೆಗೆ ಅದು ಕರ್ತವ್ಯವೂ ಹೌದು.