ಸವೆತ ಜಾಗ ಬದಲಿಸಿದ ಬಗೆ: ಲೊಕ್ಕನಹಳ್ಳಿ ದಾರಿಯಲ್ಲಿ ಬ್ರೇಕಿನ ಚರಿತ್ರೆ

ಕೊಳ್ಳೇಗಾಲದಿಂದ ಹೊರಟು ಲೊಕ್ಕನಹಳ್ಳಿ, ಒಡೆಯರಪಾಳ್ಯ ದಾಟಿ ಕಾಡಿನ ನಡುವೆ ಹಾಸನೂರು ಮುಟ್ಟುವ ರಸ್ತೆಯನ್ನು ಇಂದು ನಾವು ಎರಡು ರಾಜ್ಯಗಳ ನಡುವಿನ ಒಳದಾರಿ ಎಂದಷ್ಟೇ ತಿಳಿಯುತ್ತೇವೆ. ಆದರೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರ ಪಾಲಾದ ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ ಅಲ್ಲೇ ಉಳಿಯಿತು. ಜಿಲ್ಲಾ ಕೇಂದ್ರ ಇದ್ದದ್ದು ಬೆಟ್ಟಸಾಲಿನ ಆಚೆ, ಕೆಳಗಿನ ಬಯಲಿನಲ್ಲಿ. ಈ ಕಾಡಿನ ದಾರಿ ಹಿಡಿದವರು ಹಾಸನೂರಿನ ನಂತರ ದಿಂಬಂ ಘಟ್ಟ ಇಳಿದು ಬಣ್ಣಾರಿ, ಸತ್ಯಮಂಗಲ ಸೇರಬೇಕಿತ್ತು. ಆ ಘಟ್ಟದಲ್ಲಿ ಇಂದಿಗೂ 27 ಕಡಿದಾದ ತಿರುವುಗಳಿವೆ. ಇನ್ನೊಂದು ದಿಕ್ಕಿಗೆ ಹನೂರು, ಕೌದಳ್ಳಿ, ತಾಳಬೆಟ್ಟದ ಮೂಲಕ ಮಾದಪ್ಪನ ಬೆಟ್ಟದ ಏರು. ಹೀಗೆ ಸುತ್ತಲೂ ಏರಿಳಿತಗಳಿರುವ ಸೀಮೆಯಲ್ಲಿ ನಿಂತು ನೋಡಿದರೆ ಬ್ರೇಕಿನ ಚರಿತ್ರೆಯ ಒಂದು ಸಂಗತಿ ಎದ್ದು ಕಾಣುತ್ತದೆ. ಗಾಡಿಯ ಕಾಲದಿಂದ ಇಂದಿನ ಕಾರಿನವರೆಗೆ ಯಾವ ಸುಧಾರಣೆಯೂ ಅಸಮ ಸವೆತವನ್ನು ಹೋಗಲಾಡಿಸಲಿಲ್ಲ. ಪ್ರತಿ ಸುಧಾರಣೆಯೂ ಅದನ್ನು ಇನ್ನಷ್ಟು ಸಣ್ಣ, ಇನ್ನಷ್ಟು ಮರೆಯಾದ ಜಾಗಕ್ಕೆ ತಳ್ಳಿತು. ಬ್ರೇಕು ಕಿರುಚಿದಾಗ ನಾವು ದೋಷವನ್ನು ತಪ್ಪು ಜಾಗದಲ್ಲಿ ಹುಡುಕುವುದಕ್ಕೆ ಇದೇ ಕಾರಣ ಎಂಬುದು ನನ್ನ ವಾದ.

ಎತ್ತಿನ ಗಾಡಿಯ ಬಿರಿಯಲ್ಲಿ ಮುಚ್ಚುಮರೆ ಇರಲಿಲ್ಲ. ಅಡ್ಡಮರಕ್ಕೆ ಕೂಡಿಸಿದ ಎರಡು ಮರದ ತುಂಡುಗಳು. ಇಳಿಜಾರು ಬಂದಾಗ ಹಗ್ಗ ಬಿಗಿದರೆ ಅವು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತಿ ಉಜ್ಜುತ್ತಿದ್ದವು. ಒಂದು ತುಂಡು ಬೇಗ ಸವೆದರೆ ಗಾಡಿಯಿಂದ ಇಳಿದವನ ಕಣ್ಣಿಗೇ ಬೀಳುತ್ತಿತ್ತು. ಹಗ್ಗದ ಎಳೆತ ಒಂದು ಕಡೆಗೆ ಹೆಚ್ಚಾಗಿರಬೇಕು, ಇಲ್ಲವೇ ಚಕ್ರವೇ ಓರೆಯಾಗಿರಬೇಕು. ದೋಷವೂ ಅದರ ಗುರುತೂ ಒಂದೇ ಜಾಗದಲ್ಲಿದ್ದವು. ಮೋಟಾರು ಬಂದಾಗ ಸವೆಯುವ ಭಾಗ ಡ್ರಮ್ಮಿನ ಒಳಗೆ ಸೇರಿತು. ಎಳೆಯುವ ಕೆಲಸವನ್ನು ಕಂಬಿ, ಕೇಬಲ್‌ಗಳು ವಹಿಸಿಕೊಂಡವು. 1920ರ ದಶಕದ ನಡುಭಾಗದವರೆಗೆ ಬಹುತೇಕ ಕಾರುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ. ಘಟ್ಟ ಇಳಿಯುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಅವು ತಡೆಯುವುದಕ್ಕಿಂತ ಜಾರುವುದೇ ಹೆಚ್ಚಿತ್ತು. ಮುಂದಿನ ಚಕ್ರಗಳಿಗೂ ಬ್ರೇಕು ಬಂದ ಮೇಲೆ ನಾಲ್ಕು ಕಂಬಿಗಳ ಬಿಗಿಯನ್ನು ಒಂದೇ ಸಮ ಇಡುವುದು ದೊಡ್ಡ ತಲೆನೋವಾಯಿತು. ಒಂದು ತುಸು ಸಡಿಲಾದರೂ ಗಾಡಿ ಪಕ್ಕಕ್ಕೆ ಎಳೆಯುತ್ತಿತ್ತು. ಬಿಗಿಯಾಗಿದ್ದ ಚಕ್ರದ ಲೈನಿಂಗ್ ಬೇಗ ಮುಗಿಯುತ್ತಿತ್ತು.

ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ, 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ಕಾಣಿಸಿಕೊಂಡ ಹೈಡ್ರಾಲಿಕ್ ಬ್ರೇಕು ಈ ತಲೆನೋವನ್ನು ತಪ್ಪಿಸಿತು. ಮುಚ್ಚಿದ ಕೊಳವೆಯ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಚಕ್ರ ಚಕ್ರಗಳ ನಡುವಿನ ತಾರತಮ್ಯ ಬಹುಮಟ್ಟಿಗೆ ಹೋಯಿತು, ಆದರೆ ಒಂದೇ ಚಕ್ರದೊಳಗಿನದು ಹೋಗಲಿಲ್ಲ. ಡ್ರಮ್ಮಿನ ಎರಡು ಶೂಗಳಲ್ಲಿ ಒಂದನ್ನು ತಿರುಗುವ ಡ್ರಮ್ಮೇ ತನ್ನತ್ತ ಎಳೆದುಕೊಂಡು ಒತ್ತುತ್ತದೆ, ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಮೊದಲನೆಯದು ಹೆಚ್ಚು ಸವೆಯುವುದು ಆ ರಚನೆಯ ಗುಣವೇ ಹೊರತು ದೋಷವಲ್ಲ. ನಮ್ಮ ಅನೇಕ ಸಣ್ಣ ಕಾರುಗಳ ಹಿಂದಿನ ಚಕ್ರಗಳಲ್ಲಿ ಈಗಲೂ ಡ್ರಮ್ಮೇ ಇರುವುದರಿಂದ ಇದನ್ನು ತಿಳಿದಿರುವುದು ಒಳ್ಳೆಯದು.

ಡಿಸ್ಕ್ ಬ್ರೇಕಿನ ಕಥೆಯಂತೂ ಶಬ್ದದಿಂದಲೇ ಶುರುವಾಗುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಅವನು ಬಳಸಿದ ತಾಮ್ರದ ಲೈನಿಂಗ್ ಡಿಸ್ಕಿಗೆ ಉಜ್ಜಿ ಸಹಿಸಲಾಗದಂತೆ ಕಿರುಚುತ್ತಿತ್ತು. ಅದನ್ನು ತಣಿಸಿದ್ದು ಹರ್ಬರ್ಟ್ ಫ್ರೂಡ್ ತಂದ ಆಸ್ಬೆಸ್ಟಾಸ್ ಲೈನಿಂಗ್. ಈ ಫ್ರೂಡ್ 1897ರಲ್ಲಿ ಡರ್ಬಿಶೈರಿನಲ್ಲಿ ಕೆಲಸ ಶುರುಮಾಡಿದ್ದು ಕುದುರೆಗಾಡಿಗಳ ಬಿರಿಗಾಗಿ; ಗಾಡಿಯ ಅನುಭವ ನೇರವಾಗಿ ಕಾರಿಗೆ ದಾಟಿತು. ಮುಂದೆ ಆಸ್ಬೆಸ್ಟಾಸ್ ಧೂಳು ಪುಪ್ಪುಸಕ್ಕೆ ಮಾರಕ ಎಂದು ಖಚಿತವಾಗಿ, 1970ರ ದಶಕದಿಂದ ಲೋಹದ ಎಳೆಗಳಿರುವ ಪ್ಯಾಡ್‌ಗಳು ಬಳಕೆಗೆ ಬಂದವು. ಜೊತೆಗೇ ಕಿರುಚಾಟವೂ ಮರಳಿತು. ಜನರ ಉಸಿರು ಉಳಿಸಲು ಬಂದ ಬದಲಾವಣೆಯ ಫಲವಾಗಿ ಬಂದ ಶಬ್ದ ಅದು. ಅದನ್ನು ಕೇಳಿದೊಡನೆ ಕಳಪೆ ಮಾಲು ಎಂದು ತೀರ್ಮಾನಿಸುವುದು ಅನ್ಯಾಯ.

ಹಾಗಾದರೆ ಕೂಗಿಗೆ ಅರ್ಥವೇ ಇಲ್ಲವೇ ಎಂದು ಕೇಳಬಹುದು. ಹೊಸ ಪ್ಯಾಡೂ ಕೂಗುತ್ತದೆ, ಮಂಜು ಬಿದ್ದ ಬೆಳಗ್ಗೆ ಡಿಸ್ಕಿನ ಮೇಲಿನ ತೆಳು ತುಕ್ಕು ಉಜ್ಜಿಹೋಗುವವರೆಗೆ ಒಳ್ಳೆಯ ಬ್ರೇಕೂ ಕೂಗುತ್ತದೆ ಎಂಬುದು ನಿಜ. ಪ್ಯಾಡು ಹಿಡಿದು ಬಿಟ್ಟು ನಡುಗಿ, ಆ ನಡುಕಕ್ಕೆ ಡಿಸ್ಕು ದನಿಗೂಡಿಸಿದಾಗ ಕಿರುಚು ಹುಟ್ಟುತ್ತದೆ. ಒಂದು ಸಾವಿರ ಕಿಲೋ ತೂಕದ ಕಾರು ಐನೂರು ಮೀಟರ್ ಕೆಳಗಿಳಿಯುವಾಗ ಬ್ರೇಕೇ ಪೂರ್ತಿ ತಡೆದರೆ ಹುಟ್ಟುವ ಶಾಖ ಸುಮಾರು 49 ಲಕ್ಷ ಜೌಲ್, ಅಂದರೆ ಹದಿನೈದು ಲೀಟರ್ ನೀರನ್ನು ಕುದಿಸುವಷ್ಟು. ಗೇರು ಇಳಿಸದೆ ಘಟ್ಟ ಇಳಿದವರ ಪ್ಯಾಡಿನ ಮೈ ಈ ಶಾಖಕ್ಕೆ ಬೆಂದು ಗಾಜಿನಂತೆ ಹೊಳೆಯುತ್ತದೆ, ಆಮೇಲೆ ಕೂಗುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಶಬ್ದ ನಿಲ್ಲುವುದೂ ಉಂಟು. ಆದರೆ ಹೊಳಪು ಒಂದೇ ಚಕ್ರದಲ್ಲಿದ್ದರೆ ಅದಕ್ಕೆ ಚಾಲಕನ ಅಭ್ಯಾಸ ಕಾರಣವಲ್ಲ, ಆ ಚಕ್ರದ ಬ್ರೇಕು ಬಿಡುತ್ತಿಲ್ಲ ಎಂದರ್ಥ. ಮರಳು ಕಾಗದ ಆ ಗುರುತನ್ನೂ ಅಳಿಸಿಬಿಡುತ್ತದೆ. ಶಬ್ದ ನೋಡಬೇಕೆಂದು ಹೇಳುತ್ತದೆ, ಏನಾಗಿದೆ ಎಂದು ಹೇಳುವುದು ಸವೆತ. ಅನೇಕ ಪ್ಯಾಡ್‌ಗಳಿಗೆ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೀರಲಿಡುತ್ತದೆ. ಈ ಕೂಗಿಗೆ ಗ್ರೀಸ್ ಹಚ್ಚಿ ಕಳಿಸುವುದು ಅಪಾಯವನ್ನು ಮುಚ್ಚಿಟ್ಟಂತೆ.

ಇಂದಿನ ಬಹುತೇಕ ಕಾರುಗಳ ಮುಂಚಕ್ರದ ಕ್ಯಾಲಿಪರಿನಲ್ಲಿ, ಅಂದರೆ ಡಿಸ್ಕಿನ ಎರಡೂ ಬದಿಯ ಪ್ಯಾಡ್‌ಗಳನ್ನು ಹಿಡಿದಿರುವ ಇಕ್ಕಳದಲ್ಲಿ, ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಪ್ಯಾಡನ್ನು ಎಳೆದು ತರಬೇಕು. ನೂರು ವರ್ಷಗಳ ಹಿಂದೆ ನಾಲ್ಕು ಕಂಬಿಗಳ ಬಿಗಿಯಲ್ಲಿದ್ದ ಸಮಸ್ಯೆ ಈಗ ಬೆರಳು ಗಾತ್ರದ ಈ ಪಿನ್‌ಗಳಲ್ಲಿ ಕೂತಿದೆ. ರಬ್ಬರ್ ಮುಸುಕು ಹರಿದು ನೀರು, ಧೂಳು ಹೊಕ್ಕು ಪಿನ್ ತುಕ್ಕು ಹಿಡಿದರೆ ಒಳಪ್ಯಾಡು ತಗಡಿನವರೆಗೆ ಸವೆದು ಹೊರಪ್ಯಾಡು ಹಾಗೇ ಉಳಿಯುತ್ತದೆ. ಪಿಸ್ಟನ್ ಹಿಂದೆ ಸರಿಯದಿದ್ದರೂ ಒಳಪ್ಯಾಡೇ ತೆಳುವಾಗುತ್ತದೆ. ಕ್ಯಾಲಿಪರ್ ಮುಂದೆ ಬಂದು ಹಿಂದೆ ಸರಿಯದಿದ್ದರೆ ಹೊರಪ್ಯಾಡು ಸವೆಯುತ್ತದೆ. ಎರಡರಲ್ಲಿ ಒಂದೇ ಪಿನ್ ಜಾಮ್ ಆದರೆ ಕ್ಯಾಲಿಪರ್ ಓರೆಯಾಗಿ, ಪ್ಯಾಡಿನ ಒಂದು ತುದಿ ದಪ್ಪಗಿದ್ದು ಇನ್ನೊಂದು ತುದಿ ತೆಳ್ಳಗಾಗುತ್ತದೆ. ಎಡಚಕ್ರದ ಎರಡೂ ಪ್ಯಾಡು ಮುಗಿದು ಬಲಚಕ್ರದವು ಹೊಸದರಂತಿದ್ದರೆ, ಎಡಗಡೆಯ ರಬ್ಬರ್ ಹೋಸ್ ಒಳಗೆ ಉಬ್ಬಿ ಬ್ರೇಕ್ ಆಯಿಲ್ ಹಿಂದಿರುಗದೆ ನಿಂತಿರಬಹುದು, ಇಲ್ಲವೇ ಬಲಗಡೆಯ ಬ್ರೇಕು ಕೆಲಸವನ್ನೇ ಮಾಡುತ್ತಿಲ್ಲದಿರಬಹುದು. ಇವುಗಳಲ್ಲಿ ಹಲವು ದೋಷಗಳು ಕೂಗದೆಯೂ ಇರಬಲ್ಲವು. ಹೊಸ ಪ್ಯಾಡು ಹಾಕಿದರೆ ಇವು ಯಾವುವೂ ಸರಿಹೋಗುವುದಿಲ್ಲ.

ಸವೆತ ತಿಳಿಸಲು ಕಾರಿನಲ್ಲೇ ಸೆನ್ಸರ್ ಇರುವಾಗ ಈ ಕಣ್ಣಳತೆ ಯಾಕೆ ಎಂಬ ಆಕ್ಷೇಪವೂ ಇದೆ. ಅಂಥ ಸೆನ್ಸರ್ ಹಲವು ಕಾರುಗಳಲ್ಲಿ ಒಂದು ಜೋಡಿ ಚಕ್ರಕ್ಕೆ ಒಂದೇ ಇರುತ್ತದೆ, ಅದೂ ಒಂದೇ ಪ್ಯಾಡಿನಲ್ಲಿ. ಸವೆತ ಎಲ್ಲೆಡೆ ಸಮ ಎಂದು ನಂಬಿ ಇಟ್ಟದ್ದು ಅದು. ಅಸಮವಾದಾಗಲೇ ಅದು ಕುರುಡಾಗುತ್ತದೆ. ಬಿಚ್ಚಿ ಪಿನ್ ನೋಡಲು ಸಮಯ, ಕೂಲಿ ಬೇಕು, ಹಳ್ಳಿದಾರಿಯ ವರ್ಕ್‌ಶಾಪಿಗೆ ಅದು ಗಿಟ್ಟುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಅದಕ್ಕೆ ಗಿರಾಕಿಯೂ ಹೊಣೆ. ಪ್ಯಾಡಿನ ಬೆಲೆ ಕೊಡುವವರು ಪರೀಕ್ಷೆಯ ಕೂಲಿಗೆ ಚೌಕಾಸಿ ಮಾಡುವವರೆಗೆ ಮೆಕ್ಯಾನಿಕ್ ಪ್ಯಾಡನ್ನೇ ಮಾರುತ್ತಾನೆ.

ಆದ್ದರಿಂದ ಮಾದಪ್ಪನ ಬೆಟ್ಟಕ್ಕೋ ದಿಂಬಂ ಕಡೆಗೋ ಹೊರಡುವ ಮುನ್ನ ಬ್ರೇಕು ಕೂಗಿತೆಂದು ವರ್ಕ್‌ಶಾಪಿಗೆ ಹೋದವರಲ್ಲಿ ನನ್ನ ಕೋರಿಕೆ ಇಷ್ಟೇ: ಬಿಚ್ಚಿದ ನಾಲ್ಕೂ ಹಳೆಯ ಪ್ಯಾಡುಗಳನ್ನು ಯಾವುದು ಎಡ, ಯಾವುದು ಬಲ, ಯಾವುದು ಒಳ, ಯಾವುದು ಹೊರ ಎಂದು ಗುರುತು ಹಾಕಿಸಿ ನೆಲದ ಮೇಲೆ ಸಾಲಾಗಿ ಇಡಿಸಿ ನೋಡಿ, ಪಿನ್‌ಗಳು ಕೈಯಲ್ಲಿ ಸಲೀಸಾಗಿ ಜಾರುತ್ತವೆಯೇ ಎಂದು ಪರೀಕ್ಷಿಸಲು ಹೇಳಿ, ಆ ಕೆಲಸಕ್ಕೆ ಕೇಳಿದ ಕೂಲಿಯನ್ನು ಪೂರ್ತಿ ಕೊಡಿ.