ಕಾಯಿಲೆಯ ಹೆಸರು ಕಾಲಕ್ಕೆ ಬಿಟ್ಟದ್ದು

ಕೊಳ್ಳೇಗಾಲ, ಯಳಂದೂರುಗಳು ನೆರೆಹೊರೆಯ ಊರುಗಳು. ಆದರೂ 1956ರವರೆಗೆ ಅವುಗಳ ಆಡಳಿತ ಬೇರೆ ಬೇರೆ. ಕೊಳ್ಳೇಗಾಲವೂ ಆ ತಾಲ್ಲೂಕಿಗೇ ಸೇರಿದ್ದ ಹನೂರೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿಗೆ ಸೇರಿತ್ತು. ಮದರಾಸಿನವರ ಮನೋರೋಗ ಆಸ್ಪತ್ರೆ 1871ರಿಂದ ಕೀಲ್ಪಾಕ್‌ನಲ್ಲಿ, ಮೈಸೂರಿನವರದು ಬೆಂಗಳೂರಿನಲ್ಲಿ. ಹತ್ತೊಂಬತ್ತನೇ ಶತಮಾನದ ಇಂತಹ ಆಸ್ಪತ್ರೆಗಳ ದಫ್ತರುಗಳಲ್ಲಿ ಉನ್ಮಾದ, ವಿಷಾದ, ಬುದ್ಧಿಕ್ಷಯವೆಂಬ ಕೆಲವೇ ತಲೆಬರಹಗಳು. ಕಣ್ಣಿಗೆ ಕಂಡ ಲಕ್ಷಣವೇ ಕಾಯಿಲೆಯ ಹೆಸರು.

ಈ ಪದ್ಧತಿಯನ್ನು ಬದಲಿಸಿದವನು ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್. ರೋಗಿ ಇಂದು ಹೇಗಿದ್ದಾನೆ ಎನ್ನುವುದಕ್ಕಿಂತ ವರ್ಷಗಳ ನಂತರ ಏನಾದ ಎಂಬುದು ಆತನಿಗೆ ಮುಖ್ಯವಾಯಿತು. ಬಂದು ಹೋಗುವ ಉನ್ಮಾದ-ಖಿನ್ನತೆಯನ್ನೂ ಕ್ರಮೇಣ ಮನಸ್ಸನ್ನು ಕುಂದಿಸುವ ಕಾಯಿಲೆಯನ್ನೂ ಆತ 1899ರಲ್ಲಿ ಬೇರ್ಪಡಿಸಿದ. ಎರಡನೆಯದಕ್ಕೆ 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಸ್ಕಿಜೋಫ್ರೀನಿಯಾ ಎಂದು ಹೆಸರಿಟ್ಟ. ಎಲ್ಲ ರೋಗಿಗಳೂ ಕುಂದುವುದಿಲ್ಲವೆಂದೂ ತೋರಿಸಿದ.

ಹಾಗಾದರೆ ಮೊದಲ ಸಲವೇ ಸರಿಯಾದ ಹೆಸರು ಹೇಳಲಾಗದೇಕೆ? ನಿದ್ದೆಗೆಡುವುದು, ಇಲ್ಲದ ಮಾತು ಕೇಳಿಸುವುದು, ಮನೆಯವರನ್ನೇ ಸಂಶಯಿಸುವುದು ಅನೇಕ ಕಾಯಿಲೆಗಳಿಗೆ ಸಮಾನ. ಬಾಣಂತನ, ಗಾಂಜಾ, ಮೂರ್ಛೆರೋಗ, ಥೈರಾಯಿಡ್ ತೊಂದರೆ, ಮಿದುಳಿನ ಸೋಂಕು ಇವೆಲ್ಲವೂ ಅದೇ ಚಿತ್ರ ತೋರಬಹುದು. ರಾಗಿ ಹೊಲದಲ್ಲಿ ಎಳೆಯ ಪೈರಿಗೂ ಕಾಡುರಾಗಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ತೆನೆ ಬಂದಾಗ ಗುಟ್ಟು ಬಯಲಾಗುತ್ತದೆ. ಇಲ್ಲಿಯೂ ಅಷ್ಟೆ.

ಈ ವಿಷಯದಲ್ಲಿ ಭಾರತದ ಅನುಭವಕ್ಕೆ ವಿಶೇಷ ಬೆಲೆಯುಂಟು. ಥಟ್ಟನೆ ಬಂದು ಕೆಲವೇ ವಾರಗಳಲ್ಲಿ ಪೂರ್ಣ ಗುಣವಾಗುವ ಸೈಕೋಸಿಸ್ ಇಲ್ಲಿನ ವೈದ್ಯರಿಗೆ ಪರಿಚಿತ. ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಪ್ರಕಟಿಸಿದ ಹತ್ತನೇ ರೋಗವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಅದರ ಪ್ರಕಾರ ಸ್ಕಿಜೋಫ್ರೀನಿಯಾದ ಲಕ್ಷಣಗಳು ತಿಂಗಳು ಮೀರಿದರೆ ಹೆಸರನ್ನು ಬದಲಿಸಬೇಕು. ಈ ಅಲ್ಪಕಾಲದ ಸೈಕೋಸಿಸ್ ಕೆಲವರಲ್ಲಿ ಮತ್ತೆ ಬರುವುದೇ ಇಲ್ಲ. ಕೆಲವರಲ್ಲಿ ಮುಂದೆ ಸ್ಕಿಜೋಫ್ರೀನಿಯಾ ಎಂದೋ ಉನ್ಮಾದ-ಖಿನ್ನತೆ ಎಂದೋ ನಿರ್ಧಾರವಾಗುತ್ತದೆ. ಈ ಎರಡು ಹೆಸರುಗಳು ಒಮ್ಮೆ ನಿಂತರೆ ಬದಲಾಗುವುದು ಕಡಿಮೆ, ಆದರೂ ಬದಲಾಗುವುದುಂಟು.

ಇದು ಬರಿಯ ಹೆಸರಿನ ಜಗಳವಲ್ಲ. ಉನ್ಮಾದ-ಖಿನ್ನತೆಯಾದರೆ ಲಿಥಿಯಂನಂತಹ ಔಷಧಿ ಬೇಕಾಗಬಹುದು. ಸ್ಕಿಜೋಫ್ರೀನಿಯಾವಾದರೆ ದೀರ್ಘಕಾಲದ ಚಿಕಿತ್ಸೆ. ಅಲ್ಪಕಾಲದ್ದಾದರೆ ವೈದ್ಯರೇ ಮಾತ್ರೆಯನ್ನು ನಿಧಾನವಾಗಿ ಇಳಿಸಬಹುದು. ರೋಗಿ ಮತ್ತೆ ಮತ್ತೆ ಬಂದರಷ್ಟೇ ಇದು ತಿಳಿಯುವುದು. ಹನೂರಿನಾಚೆ ಮಲೆ ಮಹದೇಶ್ವರ ಬೆಟ್ಟದ ಕಾಡೂರುಗಳಿಗೂ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೂ ಆಸ್ಪತ್ರೆ ದೂರ. ಒಂದು ದಿನದ ಕೂಲಿ ಬಿಟ್ಟು ಬರಬೇಕು. ಗುಣವಾಯಿತೆಂದು ಬಾರದೇ ಉಳಿದವರ ಚೀಟಿಯಲ್ಲಿ ಮೊದಲ ಹೆಸರೇ ಉಳಿಯುತ್ತದೆ. ಊರಿನವರ ಬಾಯಲ್ಲೂ ಅದೇ. ಮದುವೆಯ ಮಾತು ಬಂದಾಗಲೂ ಅದೇ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಈ ತೊಡಕನ್ನು ಗಮನಿಸಿದೆ. ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣಕ್ಕೆ ಯಾರನ್ನೂ ಇಂದು ಮನೋರೋಗಿಯೆಂದು ತೀರ್ಮಾನಿಸುವಂತಿಲ್ಲ. ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕೂ ರೋಗಿಗಿದೆ. ಹಳೆಯ ಚೀಟಿಯನ್ನು ಹರಿದು ಹಾಕಬಾರದು, ಹಣೆಬರಹವೆಂದೂ ಭಾವಿಸಬಾರದು. ಮುಂದಿನ ವೈದ್ಯರಿಗೆ ಅದು ಕಥೆಯ ಮೊದಲ ಪುಟ.