ಜೇಡ್ ಗೂಡಿಗೆ ಬಂದ ಕಾಗದ

2007ರ ಜನವರಿ ನೆನಪಿದೆಯಾ? ಇಂಗ್ಲೆಂಡಿನ ಬಿಗ್ ಬ್ರದರ್ ಮನೆಯಲ್ಲಿ ಜೇಡ್ ಗೂಡಿ ಅನ್ನೋ ಬಾಯಿಬಡುಕ ಹುಡುಗಿ ನಮ್ಮ ಮಂಗಳೂರಿನ ಶಿಲ್ಪಾ ಶೆಟ್ಟಿಯನ್ನು ಹೀಯಾಳಿಸಿ ಅಳಿಸಿದ್ದಳು. ಆ ಜಗಳ ಎಲ್ಲರಿಗೂ ನೆನಪಿದೆ. ಅದರ ಮುಂದಿನ ಕತೆ ಅಷ್ಟಾಗಿ ಯಾರಿಗೂ ನೆನಪಿಲ್ಲ.

2008ರ ಆಗಸ್ಟಿನಲ್ಲಿ ಅದೇ ಜೇಡ್ ಲೋನಾವಳಕ್ಕೆ ಬಂದಳು, ಹಿಂದಿಯ ಬಿಗ್ ಬಾಸ್‌ಗೆ. ಆ ವರ್ಷ ಅದರ ನಿರೂಪಕಿ ಶಿಲ್ಪಾ ಶೆಟ್ಟಿಯೇ! ಬಂದು ಒಂದೆರಡು ದಿನ ಆಗಿರಬೇಕು, ಊರಲ್ಲಿ ಮಾಡಿಸಿ ಬಂದಿದ್ದ ಪರೀಕ್ಷೆಯ ಫಲಿತಾಂಶ ಫೋನಿನಲ್ಲಿ ಬಂತು. ಗರ್ಭಕೊರಳಿನ ಕ್ಯಾನ್ಸರ್. ತಕ್ಷಣ ವಾಪಸು ಹೋದಳು. 2009ರ ಮಾರ್ಚ್ 22ರಂದು ತೀರಿಕೊಂಡಾಗ ಅವಳಿಗೆ 27 ವರ್ಷ. ಇಬ್ಬರು ಪುಟ್ಟ ಗಂಡುಮಕ್ಕಳು.

ಇದರಲ್ಲಿ ನನ್ನನ್ನು ಕಾಡುವುದು ಒಂದು ಕಾಗದ. ಹದಿಹರೆಯದಲ್ಲೇ ಅವಳ ಪರೀಕ್ಷೆಯಲ್ಲಿ ದೋಷವಿರುವ ಜೀವಕೋಶಗಳು ಸಿಕ್ಕಿ ಚಿಕಿತ್ಸೆ ಆಗಿತ್ತು. ಆಮೇಲೆ ಮತ್ತೊಂದು ಕಾಗದ ಬಂತು, ಆಪರೇಷನ್ ಆಗಬೇಕು ಅಂತ. ಹೆದರಿಕೆಯಿಂದ ಹೋಗಲಿಲ್ಲ ಅಂತ ಅವಳೇ ಹೇಳಿಕೊಂಡಿದ್ದಳು.

ನೋಡಿ, ಆ ದೇಶದಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಗ್ರೀಸ್ ಮೂಲದ ಡಾಕ್ಟರ್ ಪಾಪನಿಕೊಲಾವ್ ತಮ್ಮ ಪ್ಯಾಪ್ ಪರೀಕ್ಷೆಯ ಪುಸ್ತಕ ತಂದದ್ದು 1943ರಲ್ಲಿ. ಬ್ರಿಟನ್ನಿನಲ್ಲಿ 1988ರಿಂದ ಹೆಂಗಸರಿಗೆ ಸರ್ಕಾರವೇ ಕಾಗದ ಬರೆದು ಕರೆಯುತ್ತಿತ್ತು, ಒಂದು ಪೈಸೆ ಖರ್ಚಿಲ್ಲ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸು ಸಾಮಾನ್ಯವಾಗಿ ವರ್ಷಗಟ್ಟಲೆ ಸಮಯ ಕೊಡುತ್ತದೆ. ಅಷ್ಟಿದ್ದೂ ಹುಡುಗಿಯರು ಹೋಗುತ್ತಿರಲಿಲ್ಲ. ನಾಚಿಕೆ, ನೋವಾದೀತೆಂಬ ಭಯ, 'ನಾನಿನ್ನೂ ಚಿಕ್ಕವಳು, ನನಗ್ಯಾಕೆ ಬರುತ್ತೆ' ಅನ್ನೋ ಧೈರ್ಯ, 'ಏನಾದರೂ ಸಿಕ್ಕಿಬಿಟ್ಟರೆ?' ಅನ್ನೋ ಅಧೈರ್ಯ.

ಜೇಡ್ ಸಾವಿನ ಹಾದಿಯನ್ನು ಪತ್ರಿಕೆ, ಟೀವಿಗಳು ದಿನದಿನವೂ ತೋರಿಸಿದವು. ಅದು ಸರಿಯೇ ಅಂತ ತುಂಬಾ ಜನ ಬೈದರು. ಆದರೆ ಲೆಕ್ಕ ನೋಡಿ: 2008ರ ನಡುವಿನಿಂದ 2009ರ ನಡುವಿನ ತನಕ ಇಂಗ್ಲೆಂಡಿನಲ್ಲಿ ನಿರೀಕ್ಷೆಗಿಂತ 4 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳಾದವು. ಅವಳು ಸತ್ತ ಮಾರ್ಚ್ ತಿಂಗಳಲ್ಲಂತೂ ಸುಮಾರು ಶೇ. 70 ಹೆಚ್ಚು. ಏರಿಕೆ ಜಾಸ್ತಿ ಕಂಡದ್ದು 50ರೊಳಗಿನವರಲ್ಲಿ. ಅವಧಿ ಮೀರಿದರೂ ಬಾರದೆ ಕೂತಿದ್ದವರೂ ಅವರಲ್ಲಿ ಬಹಳ.

ಪರೀಕ್ಷೆಯ ವಯಸ್ಸನ್ನು 25ರಿಂದ 20ಕ್ಕೆ ಇಳಿಸಿ ಅಂತ ಕೂಗೂ ಎದ್ದಿತು. 2009ರಲ್ಲಿ ತಜ್ಞರ ಸಮಿತಿ ಒಪ್ಪಲಿಲ್ಲ. ಆ ವಯಸ್ಸಿನಲ್ಲಿ ಸಣ್ಣಪುಟ್ಟ ದೋಷಗಳು ಸಾಮಾನ್ಯ, ಹೆಚ್ಚಿನವು ತಾವಾಗಿಯೇ ಹೋಗುತ್ತವೆ; ಸುಮ್ಮನೆ ಚಿಕಿತ್ಸೆ ಮಾಡಿದರೆ ಮುಂದೆ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯವಿದೆ, ಅನ್ನೋದು ಅವರ ವಾದ.

ಆಮೇಲೇನಾಯ್ತು? ಕೆಲವೇ ವರ್ಷಗಳಲ್ಲಿ ಎಳೆಯರ ಹಾಜರಿ ಮತ್ತೆ ಇಳಿಯಿತು. ಜೇಡ್ ಕಾಗದವನ್ನು ಬದಿಗಿಟ್ಟದ್ದು ಭಯದಿಂದ, ಲಕ್ಷಾಂತರ ಹೆಂಗಸರು ಆಸ್ಪತ್ರೆಗೆ ಓಡಿದ್ದೂ ಭಯದಿಂದ. ಅಂಥ ಭಯಕ್ಕೆ ಆಯುಸ್ಸು ಕಡಿಮೆ.

ಈಗ ನಮ್ಮ ಕಡೆ ಬರೋಣ. ಇಲ್ಲಿ ಹಾಗೆ ಮನೆಮನೆಗೆ ಕಾಗದ ಬರುವ ಪದ್ಧತಿಯೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿದವರು ಶೇ. 1.9. ನಮ್ಮ ಹೆಂಗಸರಿಗೆ ನಾಚಿಕೆ ಜಾಸ್ತಿ, ಅದಕ್ಕೇ ಬರಲ್ಲ ಅಂತ ಹೇಳಿಬಿಡುವುದು ಸುಲಭ. ಆದರೆ ಇದೇ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ವಿನೆಗರ್‌ನಲ್ಲಿರುವ ಅಸೆಟಿಕ್ ಆಮ್ಲವನ್ನೇ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ ಅದು. ಪರೀಕ್ಷೆಗೆಂದು ಆರಿಸಿದ್ದ 35ರಿಂದ 64 ವಯಸ್ಸಿನ ಸುಮಾರು 75 ಸಾವಿರ ಹೆಂಗಸರಲ್ಲಿ ಶೇ. 89 ಜನ ಬಂದರು. ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31 ಕಡಿಮೆಯಾಯಿತು. ಹತ್ತಿರ ಹೋಗಿ, ತಿಳಿಸಿ ಕರೆದರೆ ಬರುತ್ತಾರೆ ಅಂತಾಯಿತಲ್ಲ?

ಊರಲ್ಲಾದರೆ ಅತ್ತೆಯೋ ದೊಡ್ಡಮ್ಮನೋ ಕೈಹಿಡಿದು ಕರೆದೊಯ್ಯುತ್ತಿದ್ದರೇನೋ. ಪರವೂರಿನಲ್ಲಿ ನಮ್ಮ ಹುಡುಗಿಯರು ಒಬ್ಬಂಟಿ. ಮದುವೆಯಾಗಿ ಬಂದವರು, ಕೆಲಸಕ್ಕೆ ಬಂದವರು, ಡಾಕ್ಟರ ಹತ್ತಿರ ಹಿಂದಿಯಲ್ಲಿ ಇದನ್ನೆಲ್ಲ ಹೇಗೆ ಕೇಳೋದು ಅಂತ ಸುಮ್ಮನಿರುವವರು. ಸರ್ಕಾರದ ಮಾರ್ಗಸೂಚಿ ಪ್ರಕಾರ 30 ತುಂಬಿದವರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ. ನಿಮ್ಮ ಬಳಗದಲ್ಲಿ ಅಂಥವರಿದ್ದರೆ ಒಂದು ಫೋನ್ ಮಾಡಿ, ಜೊತೆಗೆ ಹೋಗಿ ಬನ್ನಿ. ಏನಂತೀರಿ?